ಎರಿಹಾಳದ ಮೋಟಾರು, ಅಂದಾನಪ್ಪನ ಸೋಮವಾರ

ಎರಿಹಾಳದ ಅಂದಾನಪ್ಪನಿಗೆ ಎರಡು ಹಠಗಳಿದ್ದವು. ತನ್ನ ಎತ್ತುಗಳನ್ನು ಹೊಗಳದೆ ಯಾರೂ ದಾಟಿ ಹೋಗಬಾರದು ಎಂಬುದು ಒಂದು. ಸೋಮವಾರ ಅವುಗಳ ಹೆಗಲಿಗೆ ನೊಗ ತಾಗಬಾರದು ಎಂಬುದು ಇನ್ನೊಂದು. ಮೊದಲನೆಯದರಿಂದ ಯಾರಿಗೂ ತ್ರಾಸಾಗಲಿಲ್ಲ. ಎತ್ತುಗಳು ಹೊಗಳುವ ಹಾಗೆಯೇ ಇದ್ದವು. ಎರಡನೆಯದು ಒಂದಿಡೀ ಮುನಸಿಪಾಲ್ಟಿಯನ್ನು ಕೆಸರಿಗಿಳಿಸಿತು.

ಕಿಲಾರಿ ಜೋಡಿ. ಒಂದರ ಹೆಸರು ದೇಸಾಯಿ, ಇನ್ನೊಂದರ ಹೆಸರು ದಿವಾನ. "ಸ್ವಾತಂತ್ರ್ಯ ಬಂದ ಮ್ಯಾಲ ದೇಸಾಯಿ, ದಿವಾನ ಇಬ್ರಿಗೂ ದುಡಿಯೂದು ಕಲಿಸಿದಾಂವ ಈ ತಾಲೂಕಿನ್ಯಾಗ ನಾನೊಬ್ಬನ" ಎಂದು ಪೇಟೆಯಲ್ಲಿ ಅವನು ಹೇಳಿಕೊಳ್ಳುತ್ತಿದ್ದ. ಅರಳೆ ಅಂಡಿಗೆ, ಜೋಳದ ಚೀಲ, ಬಾಣಂತಿ, ಬೀಗರು, ಏನಿದ್ದರೂ ಅವನ ಚಕ್ಕಡಿಯಲ್ಲೇ ಹೋಗಬೇಕು. ಚಕ್ಕಡಿಯ ಬಲಪಕ್ಕಕ್ಕೆ ಮುನಸಿಪಾಲ್ಟಿಯ ಹಿತ್ತಾಳೆ ಬಿಲ್ಲೆ ಬಡಿದಿತ್ತು. ಬಿಲ್ಲೆ ಇದ್ದರೆ ಬಾಡಿಗೆ ಹೊಡೆಯಬಹುದು. ಇಲ್ಲದಿದ್ದರೆ ಊರ ಹದ್ದಿನಲ್ಲಿ ಬಾಡಿಗೆಗೆ ಎತ್ತು ಹೂಡುವುದೇ ಗುನ್ನೆ. ಒಂದು ಗೇಣು ಹೊಲವಿಲ್ಲದ ಅವನ ಮನೆಯ ರೊಟ್ಟಿ ಬೇಯುತ್ತಿದ್ದುದೇ ಆ ಬಿಲ್ಲೆಯ ಮೇಲೆ.

ಸೋಮವಾರ ಮಾತ್ರ ಚಕ್ಕಡಿ ಮೂಕಿ ಮೇಲೆ ಮಾಡಿ ನಿಲ್ಲುತ್ತಿತ್ತು. ಅದು ಬಸವಣ್ಣನ ವಾರ. ಈ ಸೀಮೆಯಲ್ಲಿ ಅಂದು ಯಾರೂ ಎತ್ತು ಹೂಡುವುದಿಲ್ಲ. ಅಂದಾನಪ್ಪ ಮುಂಜಾನೆ ಜೋಡಿಯನ್ನು ಹೊಂಡಕ್ಕೆ ಹೊಡೆದುಕೊಂಡು ಹೋಗಿ ಮೈ ತಿಕ್ಕಿ, ಹಣೆಗೆ ವಿಭೂತಿ ಹಚ್ಚಿ, ಬೆಲ್ಲ ಕಲಸಿದ ನುಚ್ಚು ತಿನ್ನಿಸುತ್ತಿದ್ದ. ಆಮೇಲೆ ಬೇವಿನ ಗಿಡದ ಕೆಳಗೆ ಕೌದಿ ಹಾಸಿ, ಎತ್ತುಗಳಿಗಿಂತ ಮೊದಲು ತಾನೇ ಮಲಗುತ್ತಿದ್ದ.

"ಇದು ಬಸವಣ್ಣನ ಸೋಮವಾರ ಏನ್ರಿ, ನಿಮ್ಮ ಕೌದಿ ಸೋಮವಾರ?" ಎಂದು ಹೆಂಡತಿ ಹೊನ್ನವ್ವ ಪ್ರತಿ ವಾರ ಕೇಳುತ್ತಿದ್ದಳು.

"ದೇವ್ರು ಮಲಗಿದಾಗ ಪೂಜಾರಿ ಎದ್ದಿದ್ರ ಚಂದ ಕಾಣಸ್ತೈತೇನ?" ಎನ್ನುವುದು ಅವನ ಉತ್ತರ. ಹೀಗೆ ಗಂಡ ಹೆಂಡತಿ, ದೇಸಾಯಿ ದಿವಾನ, ನಾಲ್ಕೂ ಜೀವ ನೆಮ್ಮದಿಯಾಗಿದ್ದಾಗ ಊರಿಗೆ ಮೋಟಾರು ಬಂತು.

ರೋಣಕ್ಕೂ ಗಜೇಂದ್ರಗಡಕ್ಕೂ ನಡುವೆ ಜಲ್ಲಿ ಹಾಕಿದ ಖಡಿ ರಸ್ತೆ ಇದೆ. ಎರಿಹಾಳ ಆ ರಸ್ತೆಯಿಂದ ಮೂರು ಫರ್ಲಾಂಗು ಒಳಗೆ. ಈ ಮೂರು ಫರ್ಲಾಂಗು ಅಪ್ಪಟ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು. ಮಳೆ ಬಿದ್ದರೆ ಒಂದೊಂದು ಕಾಲಿಗೂ ಎರಡು ಸೇರು ಮಣ್ಣು. ಹಿಂದಿನ ವರ್ಷ ಇಲ್ಲಿಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಹಾಕಿಸಿದ್ದೇವೆಂದು ಮುನಸಿಪಾಲ್ಟಿ ಹೇಳುತ್ತಿತ್ತು. ಗುತ್ತಿಗೆ ಹಿಡಿದವನು ಅಧ್ಯಕ್ಷ ಪ್ರಭುಲಿಂಗಪ್ಪನವರ ಅಳಿಯ. ಒಂದೇ ಮಳೆಗೆ ಗರಸು ಮಾಯವಾಯಿತು. "ಎರಿ ನುಂಗಿತು" ಎಂದು ವರದಿಯಾಯಿತು. ಎರೆಭೂಮಿ ನುಂಗುವುದು ಸುಳ್ಳಲ್ಲ. ಆದರೆ ಇಲ್ಲಿ ನುಂಗಿದ್ದನ್ನು ಅದು ಅಳಿಯನ ಹೊಸ ಮನೆಯ ಅಂಗಳದಲ್ಲಿ ತಂದು ಉಗುಳಿತ್ತು. ಊರವರೆಲ್ಲ ಆ ಅಂಗಳದಲ್ಲಿ ನಿಂತು, ಕಾಲಿಗೆ ಮಣ್ಣು ಹತ್ತದಂತೆ, ಗೃಹಪ್ರವೇಶದ ಹುಗ್ಗಿ ಉಂಡು ಬಂದರು. ಒಬ್ಬನಾದರೂ ಕೇಳಲಿಲ್ಲ. ಹುಗ್ಗಿ ಬಾಯಲ್ಲಿದ್ದಾಗ ಪ್ರಶ್ನೆ ಹೊರಡುವುದು ಕಷ್ಟ.

ಅಂಥ ಊರಿಗೆ ೧೯೫೫ರ ಬೇಸಿಗೆಯಲ್ಲಿ "ಸಾರ್ವಜನಿಕ ಮೋಟಾರು" ಮಂಜೂರಾಯಿತು. ಯುದ್ಧ ಮುಗಿದ ಮೇಲೆ ಹರಾಜಾದ ಲಾರಿಯೊಂದನ್ನು ಮುನಸಿಪಾಲ್ಟಿ ಹಿಡಿದು ತಂದಿತು. ಇಂಜಿನ್ನು, ಗಾಲಿ, ಡ್ರೈವರನ ಆಸನ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಜನ ಕೂಡುವ ಡಬ್ಬಿಯನ್ನು ಕಟ್ಟಲು ಊರ ಬಡಿಗ ಈಶಪ್ಪನಿಗೆ ಹೇಳಿದರು. ಈಶಪ್ಪ ಅಲ್ಲಿಯ ತನಕ ಕಟ್ಟಿದ್ದು ಮನೆ ಮತ್ತು ಚಕ್ಕಡಿ. ಆದ್ದರಿಂದ ಅವನು ಚಕ್ಕಡಿಯ ಮೇಲೆ ಒಂದು ಮನೆಯನ್ನು ಕಟ್ಟಿದ. ಸಾಗವಾನಿ ಕಂಬ, ಗಿಳಿ ಕೊರೆದ ಚೌಕಟ್ಟು, ಸರಳು ಹಾಕಿದ ಕಿಟಕಿ, ದೀಪ ಇಡಲು ಒಂದು ಮಾಡ. ಬಾಗಿಲಿಗೆ ಮೊಳದೆತ್ತರದ ಹೊಸ್ತಿಲು.

"ಮೋಟಾರಿಗೆ ಹೊಸ್ತಿಲ ಯಾಕೋ?" ಎಂದರೆ, "ಹೆಣ್ಣಮಕ್ಕಳು ಒಳಗ ಬರೂ ಜಾಗಾಕ್ಕ ಹೊಸ್ತಿಲ ಇಲ್ಲಂದ್ರ ಹ್ಯಾಂಗ್ರಿ?" ಎಂದ.

ಅವನೆಂದದ್ದೇ ಖರೆಯಾಯಿತು. ಹೆಂಗಸರು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಮುಟ್ಟಿ ನಮಸ್ಕರಿಸಿ, ಅದನ್ನು ತುಳಿಯದಂತೆ ಸೀರೆ ಎತ್ತಿ ದಾಟಿ ಒಬ್ಬೊಬ್ಬರಾಗಿ ಒಳಗೆ ಬರುವಷ್ಟರಲ್ಲಿ ಮೋಟಾರು ಮುಟ್ಟಬೇಕಿದ್ದ ಸ್ಟೇಶನ್ನಿನಲ್ಲಿ ರೈಲು ಬಂದು ಹೋಗಿರುತ್ತಿತ್ತು. ಯುದ್ಧದಲ್ಲಿ ಸಿಪಾಯಿಗಳನ್ನು ಹೊತ್ತು ದಣಿಯದ ಲಾರಿ ಈಶಪ್ಪನ ಸಾಗವಾನಿ ಹೊತ್ತು ಮೊಣಕಾಲೂರಿತು. ಆಷಾಢದ ಮೊದಲ ಹನಿಗೇ ಎರೆಯಲ್ಲಿ ಅಚ್ಚಿನ ತನಕ ಹೂತು ನಿಂತಿತು. ಅದನ್ನು ಎಳೆದು ದಡ ಸೇರಿಸಿದ್ದು ದೇಸಾಯಿ ಮತ್ತು ದಿವಾನ.

ಈಗ ಮಾಡಬೇಕಾದದ್ದು ಕುರುಡನಿಗೂ ಕಾಣುತ್ತಿತ್ತು: ರಸ್ತೆ ಮಾಡಿಸಬೇಕು. ಆದರೆ ರಸ್ತೆ ಮಾಡಿಸಿದರೆ ಹಳೇ ರಸ್ತೆ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿಯಾರು. ಎತ್ತು ಹೂಡಿದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಸದಸ್ಯರು ಒಮ್ಮತದಿಂದ ಠರಾವು ಮಾಡಿ, ಮಳೆ ಬಿದ್ದ ದಿನ ಮೋಟಾರು ಎಳೆಯಲು ಅಂದಾನಪ್ಪನ ಜೋಡಿಯನ್ನು ಗೊತ್ತು ಮಾಡಿದರು.

ಅಂದಾನಪ್ಪನಿಗೆ ಇದು ಮೊದಲು ಮೊದಲು ಭಾರಿ ಹೆಮ್ಮೆಯ ಸಂಗತಿಯಾಗಿತ್ತು. ಮೋಟಾರಿನ ಮುಂದೆ ಅವನ ಎತ್ತುಗಳು, ಒಳಗೆ ಸ್ಟೇರಿಂಗು ಹಿಡಿದು ಡ್ರೈವರ್ ರಮಜಾನಸಾಬ. ಅಬ್ಬಿಗೇರಿಯ ರೈತರ ಮಗನಾದ ರಮಜಾನಸಾಬ ಗಜೇಂದ್ರಗಡದಲ್ಲಿ ಲಾರಿ ಹೊಡೆದು ಕಲಿತವನು.

"ಅಣ್ಣಾ, ಸ್ಟೇರಿಂಗ ಹಿಡಿಯಾಂವ ನಾ, ಮೋಟಾರ ಹೊಡಿಯಾಂವ ನೀ. ಲೈಸೆನ್ಸ ಯಾರ ಹೆಸರಿಗಿ ಇರಬೇಕಂತಿ?"

"ದಿವಾನನ ಹೆಸರಿಗಿ ಇರಲಿ. ನೀ ಆ ಹಾರನ್ ಒದರಸಬ್ಯಾಡ, ಅಂವ ಬೆದರತಾನ."

ಹೊನ್ನವ್ವನಿಗೂ ಒಂದು ಆಸೆ ಹುಟ್ಟಿತು. "ಊರ ಮಂದೆಲ್ಲಾ ಕುಂತ್ರು. ನನ್ನೂ ಒಂದ್ಸಲ ಮೋಟಾರದಾಗ ಕುಂದರಸ್ರಿ."

"ಬ್ಯಾಡ" ಎಂದ ಅಂದಾನಪ್ಪ.

"ಯಾಕ?"

"ಎತ್ತಿಗೆ ಜಡಾ ಆಗತೈತಿ."

ತಾನು ಭಾರವೆಂಬ ಆ ಮಾತಿಗೆ ಹೊನ್ನವ್ವ ಎರಡು ದಿನ ರೊಟ್ಟಿಯನ್ನು ಎತ್ತುಗಳಿಗೆ ಮೊದಲು ಹಾಕಿ, ಗಂಡನಿಗೆ ಆಮೇಲೆ ಹಾಕಿದಳು.

ಅಷ್ಟರಲ್ಲಿ, ಅದಾಗಲೇ ಓಡುತ್ತಿದ್ದ ಮೋಟಾರಿನ ಉದ್ಘಾಟನೆಗೆ ದಿನ ಗೊತ್ತಾಯಿತು. ಧಾರವಾಡದಿಂದ ದೊಡ್ಡ ಸಾಹೇಬರು ಬರುವವರು. ಖಡಿ ರಸ್ತೆಯ ತುದಿಯಲ್ಲಿ ಅವರು ಕೆಂಪು ಪಟ್ಟಿ ಹಿಡಿದು ನಿಲ್ಲುವುದು, ಸದಸ್ಯರನ್ನು ಹೊತ್ತ ಮೋಟಾರು ಊರಿನಿಂದ ಹೋಗುವುದು, ಸಾಹೇಬರು ಪಟ್ಟಿ ಕತ್ತರಿಸುವುದು. ದಿನ: ಶ್ರಾವಣ ಸೋಮವಾರ.

ಸುದ್ದಿ ಕೇಳಿ ಅಂದಾನಪ್ಪ ಪ್ರಭುಲಿಂಗಪ್ಪನವರ ಅರಳೆ ಅಂಗಡಿಗೆ ಓಡಿದ.

"ಸಾವ್ಕಾರ್ರ, ಸೋಮವಾರ ಇಟ್ಟೀರಂತ?"

"ಇಟ್ಟೇವಿ. ಅಂದು ಊರಾಗ ಎಲ್ಲಾರೂ ಖಾಲಿ ಇರತಾರ. ಮಂದಿ ಕೂಡತಾರ."

"ಯಾಕ ಖಾಲಿ ಇರತಾರ್ರಿ?"

"ಹುಚ್ಚ ಅದಿಯೇನು? ಸೋಮವಾರ ಯಾರರ ಎತ್ತು ಹೂಡತಾರೇನು?"

ಅಂದಾನಪ್ಪ ಹೇಳಲು ಬಂದ ಮಾತನ್ನು ಸಾವುಕಾರರೇ ಹೇಳಿ ಮುಗಿಸಿದ್ದರು. ಹೇಳಿದವರಿಗೆ ಮಾತ್ರ ಅದು ಕೇಳಿಸಿರಲಿಲ್ಲ.

"ಹಂಗಾರ ನನ್ನ ಎತ್ತು ಹ್ಯಾಂಗ್ ಹೂಡ್ಲಿರಿ?"

ಪ್ರಭುಲಿಂಗಪ್ಪನವರ ಕೈಯಲ್ಲಿದ್ದ ಅಡಕಿ ಅಲ್ಲೇ ನಿಂತಿತು. ಸದಸ್ಯರೆಲ್ಲ ರೈತರ ಮಕ್ಕಳು. ಎಲ್ಲರ ಮನೆಯಲ್ಲೂ ಸೋಮವಾರ ಎತ್ತು ಕೊಟ್ಟಿಗೆಯಲ್ಲೇ. ಆದರೂ ಒಬ್ಬನಿಗೂ ಹೊಳೆದಿರಲಿಲ್ಲ. ತಾವು ತಂದದ್ದು ಯಂತ್ರವೆಂದು ಅವರು ಖರೇನೇ ನಂಬಿಬಿಟ್ಟಿದ್ದರು.

ಸಾವುಕಾರರು ಬೇಗ ಸುಧಾರಿಸಿಕೊಂಡರು. "ನಿನ್ನವು ಈಗ ಬರೇ ಎತ್ತಲ್ಲ, ಮುನಸಿಪಾಲ್ಟಿ ನೌಕರರು. ನೌಕರರಿಗೆ ಆಯ್ತವಾರ ಸೂಟಿ. ಆಯ್ತವಾರ ಮೈ ತೊಳಿ, ಸೋಮವಾರ ಹೂಡು."

"ಬಸವಣ್ಣಗ ಆಯ್ತವಾರ ಗೊತ್ತಿಲ್ರಿ. ನಾ ಬರ್ತೇನಿ. ಎತ್ತು ಬರಂಗಿಲ್ಲ."

"ನೀ ಬಂದು ಏನ್ ಮಾಡ್ತಿ? ನಿನಗ ಕೋಡ ಅದಾವೇನು?" ಸಾವುಕಾರರ ದನಿ ಏರಿತು. "ಕೇಳಿಲ್ಲಿ. ಮಳಿ ಬರಲಿಲ್ಲಂದ್ರ ನಿನ್ನ ಪುಣ್ಯೆ. ಬಂದು, ಮೋಟಾರ ಹುಗದು, ನಿನ್ನ ಎತ್ತು ಕಾಣಲಿಲ್ಲಂದ್ರ, ನಿನ್ನ ಚಕ್ಕಡಿ ಬಿಲ್ಲೆ ಕಿತ್ತು ನನ್ನ ಟೇಬಲ್ ಮ್ಯಾಲ ಇಡಸತೇನಿ."

ಹೊನ್ನವ್ವ ಕೇಳಿ ತಲೆಗೆ ಕೈ ಹಚ್ಚಿ ಕುಳಿತಳು. "ಬಿಲ್ಲೆ ಹೋದ್ರ ಏನ್ ತಿನ್ನೂಣು, ಸೋಮವಾರನ್ನ ತಿನ್ನೂಣೇನು? ಒಂದ ದಿನ ಹೂಡ್ರಿ. ಕೌದಿ ಎಲ್ಲಿ ಓಡಿ ಹೋಗಂಗಿಲ್ಲ."

ಅಂದಾನಪ್ಪ ಎತ್ತುಗಳು ಮೇಯುವ ಗೋದಲಿಯ ಹತ್ತಿರ ಹೋಗಿ ನಿಂತ. ಹೆಂಡತಿಯ ಮಾತು ಅರ್ಧ ಖರೆಯೆಂದು ಅವನ ಮನಸ್ಸಿಗೂ ಗೊತ್ತಿತ್ತು. ಕೌದಿಯ ಮೇಲೆ ಅವನಿಗೆ ಆಸೆ ಇತ್ತು. ಆದರೆ ಇನ್ನರ್ಧ ಬೇರೆ. ಆರು ದಿನ ತಕರಾರಿಲ್ಲದೆ ಎಳೆದವರಿಗೆ ಏಳನೆಯ ದಿನ ನಿಮ್ಮದು ಎಂದು ಕೊಟ್ಟ ಮಾತದು. ಕಾಗದದ ಮೇಲೆ ಬರೆದದ್ದಲ್ಲ, ಎತ್ತು ಕೋರ್ಟಿಗೂ ಹೋಗುವುದಿಲ್ಲ. ಕೇಳುವವರಿಲ್ಲದ ಮಾತನ್ನು ಮುರಿಯುವುದಕ್ಕೆ ಪ್ರಭುಲಿಂಗಪ್ಪನವರಂಥವರು ಇದ್ದಾರೆ. ಚಕ್ಕಡಿ ಹೊಡೆಯುವವನಿಗೆ ಅಷ್ಟು ಅನುಕೂಲವಿಲ್ಲ.

"ಮಳಿ ಬರದಿದ್ರ ಆತಲಾ" ಎಂದ ಅವನು ದಿವಾನನಿಗೆ. ದಿವಾನ ಕಿವಿ ಜಾಡಿಸಿದ. ಆಯ್ತವಾರ ಸಂಜೆ ಮುಶಿಗೇರಿಯ ಕಡೆಯಿಂದ ಮೋಡ ಕವಿದು, ಬಂದದ್ದು ಮಳೆಯೋ, ಮುಗಿಲಿಗೇ ತೂತು ಬಿತ್ತೋ ಎನ್ನುವ ಹಾಗೆ ಸುರಿಯಿತು.

ಸೋಮವಾರ ಮುಂಜಾನೆ ಬಿಸಿಲು ಬಿತ್ತು. ಸದಸ್ಯರು ಗರಿಗರಿ ಧೋತರ, ಖಾದಿ ಟೊಪ್ಪಿಗೆ, ಕಿರ್ರೆನ್ನುವ ಹೊಸ ಜೋಡುಗಳಲ್ಲಿ ಈಶಪ್ಪನ ಹೊಸ್ತಿಲು ದಾಟಿ ಮೋಟಾರಿನಲ್ಲಿ ಕುಳಿತರು. ಬ್ಯಾಂಡು ಬಾರಿಸಿತು. ಮೋಟಾರು ಗರ್ಜಿಸಿ ಹೊರಟಿತು, ಒಂದು ಫರ್ಲಾಂಗು ಧೀರನಂತೆ ಹೋಯಿತು, ನಡುವೆ ನಿಟ್ಟುಸಿರು ಬಿಟ್ಟು ಕುಳಿತುಕೊಂಡಿತು. ಆಚೆ ತುದಿಯಲ್ಲಿ ಸಾಹೇಬರ ಜೀಪು ಬಂದು ನಿಂತಿದ್ದು ಕಾಣುತ್ತಿತ್ತು. ಕೆಂಪು ಪಟ್ಟಿಯೂ ಕಾಣುತ್ತಿತ್ತು.

"ಅಂದಾನಪ್ಪ ಎಲ್ಲಿ?"

ಅಂದಾನಪ್ಪ ಪಕ್ಕದ ಬದುವಿನ ಮೇಲೇ ಇದ್ದ. ಹೆಗಲ ಮೇಲೆ ಮಿಣಿಹಗ್ಗ. ಎತ್ತು ಇಲ್ಲ.

"ಬಂದೇನಿ ನೋಡ್ರಿ. ಬರ್ತೇನಿ ಅಂದಿದ್ನಿಲ್ಲ?"

"ನಿನ್ನ ಬಿಲ್ಲೆ ಹೋತು ತಿಳಕೋ!" ಎಂದು ಕಿಟಕಿಯ ಸರಳಿನ ಹಿಂದಿನಿಂದ ಪ್ರಭುಲಿಂಗಪ್ಪನವರು ಕೂಗಿದರು. ಸರಳಿನ ಹಿಂದೆ ಅವರು ಅಂದು ಎಷ್ಟು ಸಹಜವಾಗಿ ಕಾಣುತ್ತಿದ್ದರೆಂದರೆ, ನ್ಯಾಯವಾಗಿ ಅವರನ್ನು ಅಲ್ಲೇ ಬಿಡಬೇಕಿತ್ತು. ಆಮೇಲೆ ಅವರು ಡ್ರೈವರನ ಕಡೆ ತಿರುಗಿದರು. "ರಮಜಾನಸಾಬ, ನಿಮಗೇನ ಬಸವಣ್ಣನ ಹರಕತ್ತಿಲ್ಲಲಾ. ಓಡಿ ಹೋಗು, ನಿಮ್ಮ ಮಂದಿ ಕಡೆಯಿಂದ ಒಂದ್ ಜೋಡಿ ತಾ."

ರಮಜಾನಸಾಬ ಸ್ಟೇರಿಂಗು ಬಿಡಲಿಲ್ಲ. "ಯಾಕ್ರಿ ಸಾವ್ಕಾರ್ರ, ನಮ್ಮ ಎತ್ತು ಬಸವಣ್ಣ ಅಲ್ಲೇನು? ಸೋಮವಾರ ಎತ್ತು ಕೇಳಾಕ ಹೋದ್ರ ನಮ್ಮಪ್ಪ ನನ್ನ ಕೊಳ್ಳಿಗೆ ನೊಗಾ ಕಟ್ಟತಾನ."

ಕಡೆಗೆ ಅಧ್ಯಕ್ಷರು ಮುನಸಿಪಾಲ್ಟಿಯ ಪಟ್ಟೇವಾಲಾ ಜವಾನನನ್ನು ತಮ್ಮ ಮನೆಗೇ ಓಡಿಸಿದರು. ಅವರ ಕೊಟ್ಟಿಗೆಯಲ್ಲಿ ನಾಲ್ಕು ಜೋಡಿ ಎತ್ತು. ಹಟ್ಟಿಯ ಬಾಗಿಲಲ್ಲಿ ಮಾತ್ರ ಅವರ ತಾಯಿ ಕಳಕವ್ವ. ಪಟ್ಟೇವಾಲಾ ಮೊಣಕಾಲುದ್ದ ಕೆಸರಿನಲ್ಲಿ ಏದುತ್ತ ತಿರುಗಿ ಬಂದ.

"ಏನಂದ್ರು ಅಮ್ಮಾರು?"

"ಹೇಳಲ್ರಿ?"

"ಹೇಳೋ ಲಗೂ!"

"'ಮುನಸಿಪಾಲ್ಟಿ ನಿಂದು, ಎತ್ತು ನಮ್ಮ ಮಾವಂದು. ಸೋಮವಾರ ಕೊಟ್ಟಿಗಿ ಹಗ್ಗ ಮುಟ್ಟಿದ್ರ, ಪ್ರಭ್ಯಾ, ಬಾರಕೋಲ ನನ್ನ ಕೈಯಾಗ ಐತಿ' ಅಂದ್ರು ಸಾವ್ಕಾರ್ರ."

ಬದುವಿನ ಮೇಲೆ ಕೂಡಿದ್ದ ಜನ ಕೇಕೆ ಹಾಕಿದರು. ಆಚೆ ತುದಿಯಲ್ಲಿ ಸಾಹೇಬರು ಕೈಗಡಿಯಾರ ನೋಡಿಕೊಂಡರು. ಮತ್ತೊಮ್ಮೆ ನೋಡಿಕೊಂಡು ಜೀಪಿನ ಕಡೆ ತಿರುಗಿದರು. ಸದಸ್ಯರ ಮುಖ ಹುಣಸೆಹಣ್ಣಾಯಿತು.

ಆಗ ಅಂದಾನಪ್ಪ ಬದುವಿನಿಂದ ಇಳಿದ. ಮಿಣಿಯ ಒಂದು ತುದಿಯನ್ನು ಮೋಟಾರಿನ ಮುಂದಿನ ಕೊಕ್ಕೆಗೆ ಬಿಗಿದು, ಇನ್ನೊಂದನ್ನು ಎಳೆದು ತನ್ನ ಹೆಗಲಿಗೆ ಹಾಕಿಕೊಂಡ.

"ಸೋಮವಾರ ಎತ್ತಿಗೆ ಐತ್ರಿ" ಎಂದ. "ನನಗಿಲ್ಲ. ನಿಮಗೈತೇನ್ರಿ?"

ಅವನು ಒಬ್ಬನೇ ಎಳೆದ. ಮೋಟಾರು ಅಲ್ಲಾಡಲಿಲ್ಲ, ಅವನ ಕಾಲು ಮಾತ್ರ ಹೂತಿತು. ಜನ ನಗುವುದನ್ನು ನಿಲ್ಲಿಸಿದರು. ಮೊದಲು ಇಳಿದವನು ಈಶಪ್ಪ. ಮೋಟಾರು ಹೂಳುವುದಕ್ಕೆ ತನ್ನ ಸಾಗವಾನಿಯೂ ಕಾರಣವೆಂದು ಅವನಿಗೆ ಒಳಗೊಳಗೆ ಗೊತ್ತಿತ್ತು. ಅವನ ಹಿಂದೆ ನಾಲ್ಕಾರು ಮಂದಿ ಇಳಿಯಲು ಹೊರಟರೆ ಅಂದಾನಪ್ಪ ಕೈಯೆತ್ತಿ ತಡೆದ.

"ನೀವ್ ತಡೀರ್ಯೋ. ಒಳಗ ಕುಂತಾವ್ರು ಇಳೀಲಿ ಮೊದಲ. ಜಡಾ ಆಗೇತಿ."

ಸಾಹೇಬರ ಜೀಪು ಚಾಲೂ ಆದ ಸಪ್ಪಳ ಕೇಳಿತು. ಅದೇ ಬಾರಕೋಲಾಯಿತು. ಸದಸ್ಯರು ಒಬ್ಬರ ಹಿಂದೊಬ್ಬರು ಹೊಸ್ತಿಲು ದಾಟಿ ಎರೆಯಲ್ಲಿ ಧುಮುಕಿದರು. ಅದನ್ನು ಕಂಡು ಜೀಪು ಅಲ್ಲೇ ನಿಂತಿತು. ಕಿರ್ರೆನ್ನುವ ಜೋಡುಗಳನ್ನು ಭೂತಾಯಿ ಅಲ್ಲೇ ಇಟ್ಟುಕೊಂಡಳು. ಮಿಣಿಯ ಎಡಗಡೆಗೆ ಅಧ್ಯಕ್ಷರು, ಬಲಗಡೆಗೆ ಉಪಾಧ್ಯಕ್ಷರು, ಹಿಂದೆ ಒಂದೊಂದು ಕಮಿಟಿ. ಅಳಿಯನೂ ಇದ್ದ. ತಾನು ಗರಸು ಹಾಕಿದ ಜಾಗ ಎಷ್ಟು ಆಳವೆಂದು ಅವನು ಅಂದೇ ಮೊದಲು ಅಳೆದದ್ದು. ಅಂದಾನಪ್ಪನ ನಾಲಗೆಗೆ ಬೇರೆ ಭಾಷೆ ಬರುತ್ತಿರಲಿಲ್ಲ; ಎಳೆಯುವವರು ಯಾರಿದ್ದರೂ ಅದೇ ಮಾತು.

"ಹೋಯ್! ಎಡಗಡಿದು ಮೈಗಳ್ಳ ಐತಿ, ಎಳೀಲಿ! ಬಲಗಡಿದು, ಹೆಗಲ ಕೊಡು! ಹಾ, ಹಾ, ಶಾಬಾಸ್ ನನ್ನ ದೇಸಾಯಿ!"

"ಸಾವ್ಕಾರ್ರಿಗೆ ನುಚ್ಚು ಇಡ್ರೋ ಯಾರರ!" ಎಂದು ಬದುವಿನಿಂದ ಒಬ್ಬಳು ಮುದುಕಿ ಕೂಗಿದಳು.

ಮೋಟಾರು ಹೊರಳಿತು, ತೇಕಿತು, ಆಮೇಲೆ ಊರೇ ಕೈ ಹಚ್ಚಿದ್ದರಿಂದ ಖಡಿ ರಸ್ತೆ ಮುಟ್ಟಿತು. ತಲೆಯಿಂದ ಕಾಲಿನ ತನಕ ಕಪ್ಪಾದ ಮುನಸಿಪಾಲ್ಟಿ ಸಾಹೇಬರ ಮುಂದೆ ಸಾಲಾಗಿ ನಿಂತಿತು. ಅಧ್ಯಕ್ಷರು ಕ್ಷಮೆ ಕೇಳಲು ಬಾಯಿ ತೆಗೆಯುವ ಮೊದಲೇ ಸಾಹೇಬರು ಅವರ ಕೆಸರು ಕೈ ಹಿಡಿದು ಕುಲುಕಿದರು. ಪುಣೆಯ ಕಡೆಯ ತರುಣ; ಶ್ರಮದಾನದ ಮೇಲೆ ಸರಕಾರ ಕಳಿಸಿದ ಪುಸ್ತಿಕೆಗಳನ್ನೆಲ್ಲ ಓದಿದ್ದವರು.

"ಶಾಬಾಸ್! ಅಧ್ಯಕ್ಷರೇ ಸ್ವತಃ! ಇಂಥ ಶ್ರಮದಾನ ನಾನು ಜಿಲ್ಲೆಯಲ್ಲಿ ಎಲ್ಲೂ ನೋಡಲಿಲ್ಲ. ಇವರಿಗೆಲ್ಲ ಮುಂದಾಳು ಯಾರು?"

ಎಲ್ಲರೂ ಅಂದಾನಪ್ಪನ ಕಡೆ ನೋಡಿದರು. ಸಾಹೇಬರು ಅವನಿಗೆ ಹಾರ ಹಾಕಿದರು. ಪಟ್ಟಿ ಕತ್ತರಿಸಿ ಭಾಷಣ ಮಾಡಿ, ಕೊನೆಗೆ ಒಂದು ಹುಕುಂ ಕೊಟ್ಟರು: ಎರಿಹಾಳದ ಸದಸ್ಯರು ಪ್ರತಿ ಸೋಮವಾರ ಇದೇ ರೀತಿ ಶ್ರಮದಾನದಿಂದ ಮೋಟಾರು ಎಳೆದು ಜಿಲ್ಲೆಗೆ ಮಾದರಿಯಾಗಬೇಕು, ತಾವು ಆಗಾಗ ಬಂದು ನೋಡುವರು.

ಮಂಗಳವಾರ ಪಟ್ಟೇವಾಲಾ ಬಂದು ಚಕ್ಕಡಿಯ ಬಿಲ್ಲೆ ಕಿತ್ತುಕೊಂಡು ಹೋದ. ಕೀಳುವಾಗ ಅವನು ಅಂದಾನಪ್ಪನ ಮುಖ ನೋಡಲಿಲ್ಲ. ಹೊನ್ನವ್ವ ಒಳಗೆ ಹೋಗಿ, ಸಾಹೇಬರು ಹಾಕಿದ ಹಾರವನ್ನು ತಂದು ದೇಸಾಯಿಯ ಮುಂದೆ ಹಾಕಿದಳು. "ತಿನ್ನಪಾ, ಈ ಮನ್ಯಾಗ ಇವತ್ತ ಇರೂದ ಇಷ್ಟ." ಅಂದಾನಪ್ಪ ಅಂದು ಕೌದಿ ಹಾಸಲಿಲ್ಲ. ಸೋಮವಾರವಲ್ಲದ ದಿನ ಅವನಿಗೆ ಮಲಗಲು ಬರುತ್ತಿರಲಿಲ್ಲ. ಬಿಲ್ಲೆಯಿದ್ದ ಜಾಗದ ನಾಲ್ಕು ತೂತುಗಳ ಮೇಲೆ ಬೆರಳಾಡಿಸುತ್ತ ಸಂಜೆಯ ತನಕ ಕುಳಿತ.

ಗುರುವಾರ ಮತ್ತೆ ಮಳೆ, ಮತ್ತೆ ಅದೇ ಜಾಗದಲ್ಲಿ ಮೋಟಾರು. ಈ ಸಲ ಒಳಗಿದ್ದವರು ಶಿರೋಳದ ತವರಿಗೆ ಹೊರಟಿದ್ದ ಕಳಕವ್ವ. ಅಂದಾನಪ್ಪನ ಮನೆಗೆ ಪಟ್ಟೇವಾಲಾ ಓಡಿ ಬಂದ. ಅವನ ಹಿಂದೆ ಅಧ್ಯಕ್ಷರೂ ಬಂದರು.

"ಎತ್ತು ಹೂಡೋ ಅಂದಾನಪ್ಪ. ಇವತ್ತೇನ ಸೋಮವಾರಲ್ಲ."

"ಬಿಲ್ಲೆ ಇಲ್ರಿ. ಬಿಲ್ಲೆ ಇಲ್ಲದ ಹೂಡಿದ್ರ ಗುನ್ನೆ ಆಗತೈತಿ. ನಾ ಕಾಯ್ದೆ ಮುರಿಯಾಂವಲ್ರಿ."

ಅಧ್ಯಕ್ಷರು ಮೋಟಾರಿನ ತನಕ ತಿರುಗಿ ಹೋಗಿ ಈ ಮಾತು ಮುಟ್ಟಿಸಿದರು. ಕಳಕವ್ವ ಸರಳಿನ ನಡುವೆ ಮುಖ ತಂದಳು. "ಬಿಲ್ಲೆ ಕಿತ್ತಾಂವ ಯಾಂವ?"

"ಪಟ್ಟೇವಾಲಾ" ಎಂದರು ಅಧ್ಯಕ್ಷರು.

"ಕೀಳು ಅಂದಾಂವ ಯಾಂವ, ಪ್ರಭ್ಯಾ? ಅಂವನ ಕೈಲೆ ಹೊಡಿಸ್ರಿ ಮೊಳಿ. ತವರಮನಿಗೆ ಹೊಂಟ ಹೆಣ್ಣಮಗಳು ಎರ್ಯಾಗ ಕುಂತೇನಿ."

ಎರಿಹಾಳದ ಅಧ್ಯಕ್ಷರು ಬಿಲ್ಲೆ ತರಿಸಿ, ಚಕ್ಕಡಿಯ ಪಕ್ಕಕ್ಕೆ ಮೊಣಕಾಲೂರಿ, ಈಶಪ್ಪನಿಂದ ಸುತ್ತಿಗೆ ಕಡ ತಂದು, ನಾಲ್ಕು ಮೊಳೆ ಹೊಡೆದರು. ಎರಡು ಏಟು ಬೆರಳಿಗೆ ಬಿದ್ದವು. ಅಂದಾನಪ್ಪ ಬಿಲ್ಲೆಯನ್ನು ಧೋತರದ ಚುಂಗಿನಿಂದ ಒರೆಸಿ, ಎತ್ತು ಹೂಡಿದ.

ಮೋಟಾರಿನ ಆಯುಷ್ಯ ಅಲ್ಲಿಂದ ಹೆಚ್ಚಿರಲಿಲ್ಲ. ಎರಡು ಸೋಮವಾರ ಮಿಣಿ ಹಿಡಿದ ಮೇಲೆ ಸದಸ್ಯರಿಗೆ ಈ ಯೋಜನೆಯಲ್ಲಿ ಭಾರಿ ನುಕಸಾನು ಕಾಣತೊಡಗಿತು. ಮೂರನೆಯ ಸೋಮವಾರ ಅರ್ಧ ಮುನಸಿಪಾಲ್ಟಿಗೆ ನಡ ಹಿಡಿದಿತ್ತು, ಇನ್ನರ್ಧಕ್ಕೆ ಬೀಗರು ಬಂದಿದ್ದರು. ಆ ತಿಂಗಳ ಸಭೆಯಲ್ಲಿ ಮೋಟಾರು "ಈ ನೆಲಕ್ಕೆ ಒಗ್ಗದ್ದು" ಎಂದು ಠರಾವಾಗಿ ಗದಗಿನ ಗುಜರಿಯವನಿಗೆ ಮಾರಾಟವಾಯಿತು. ನೆಲವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೂರು ಫರ್ಲಾಂಗು ಹಾಗೇ ಉಳಿಯಿತು. ಬಾಣಂತಿಯರು, ಜ್ವರದ ಕೂಸುಗಳು ರೋಣದ ದವಾಖಾನೆಗೆ ಮತ್ತೆ ಚಕ್ಕಡಿಯಲ್ಲೇ ಹೋದರು, ಸೋಮವಾರ ಹೊರಸಿನ ಮೇಲೆ, ನಾಲ್ಕು ಮಂದಿಯ ಹೆಗಲಲ್ಲಿ. ಅಳಿಯನ ಅಂಗಳದಲ್ಲಿ ಇಂದಿಗೂ ಕಾಲಿಗೆ ಮಣ್ಣು ಹತ್ತುವುದಿಲ್ಲ.

ಗುಜರಿಯವನು ಬಂದಾಗ ಇಂಜಿನ್ನು ಕೆಮ್ಮಲೂ ಒಲ್ಲೆನೆಂದಿತು. ಖಡಿ ರಸ್ತೆಯ ತನಕ ಎಳೆಯುವವರು ಯಾರೆಂದು ವಿಚಾರಿಸಿ ಅಂದಾನಪ್ಪನ ಮನೆಗೆ ಬಂದ.

"ನಾಳಿ ಸೋಮವಾರ ಎಳೀತಿಯೇನಪಾ?"

"ಮಂಗಳವಾರ" ಎಂದ ಅಂದಾನಪ್ಪ.

ಮಂಗಳವಾರ ಬಿಸಿಲಿತ್ತು, ನೆಲ ಅರೆ ಒಣಗಿತ್ತು. ದೇಸಾಯಿ, ದಿವಾನ ಮುಂದೆ ನಿಂತರು. ಅಂದಾನಪ್ಪ ಮನೆಯ ಕಡೆ ತಿರುಗಿ ಕೂಗಿದ.

"ಏ ಇವಳ, ಬಾ ಇಲ್ಲೆ. ಕುಂದ್ರ ನಡಿ ಮೋಟಾರದಾಗ."

ಹೊನ್ನವ್ವ ಸೊಂಟದ ಮೇಲೆ ಕೈಯಿಟ್ಟಳು. "ಎತ್ತಿಗೆ ಜಡಾ ಆಗಂಗಿಲ್ಲೇನ್ರಿ?"

"ಮುನಸಿಪಾಲ್ಟಿ ಇಳಿದ ಮ್ಯಾಲ ಹಗುರಾಗೇತಿ. ಬಾ."

ಅವಳು ಇಳಕಲ್ಲ ಸೀರೆ ಉಟ್ಟು ಬಂದಳು. ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಮುಟ್ಟಿ ನಮಸ್ಕರಿಸಿ, ಸೀರೆ ಎತ್ತಿ ದಾಟಿ, ಅಧ್ಯಕ್ಷರು ಕೂಡುತ್ತಿದ್ದ ಮುಂದಿನ ಬೆಂಚಿನ ಮೇಲೆ ಕುಳಿತಳು. ಕಿಟಕಿಯಿಂದ ಊರಿನ ಮನೆಗಳು ಒಂದೊಂದಾಗಿ ಹಿಂದೆ ಸರಿದವು. ಬೇವಿನ ಗಿಡ ಸರಿಯಿತು, ಅಳಿಯನ ಗರಸಿನ ಅಂಗಳವೂ ಸರಿಯಿತು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವಳು ಸರಳಿಗೆ ಮುಖ ಹಚ್ಚಿ ಕೂಗಿದಳು.

"ಹೋಯ್, ಡ್ರೈವರ್ರ! ಲಗೂ ಹೊಡೀರಿ, ರೈಲು ತಪ್ಪತೈತಿ!"

ಮುಂದೆ ಎತ್ತುಗಳ ನಡುವೆ ನಡೆಯುತ್ತಿದ್ದ ಅಂದಾನಪ್ಪ ತಿರುಗಿ ನೋಡದೆ, ಬಾಯಿಂದಲೇ ಹಾರನ್ನು ಹೊಡೆದ. ದಿವಾನ ಬೆದರಲಿಲ್ಲ.